ಹುಳಿ ಮಳೆ, ಹೊಗೆ, ಧೂಳು ಮತ್ತು ನಮ್ಮ ಬೆಳೆ

(ಸಂಘದ ಬೆಳ್ಳಿ ಹಬ್ಬದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆ ದೀಪದಿಂದ ಹಚ್ಚಿಕೊಂಡ ಸಾವಿರಾರು ದೀಪಗಳಲ್ಲಿ ನಮ್ಮದೂ ಒಂದು ಸಣ್ಣ ಹಣತೆ. ಸಾಲ ಕೊಡೋದು, ಗೊಬ್ಬರ ಹಂಚೋದು, ವಸೂಲಿಗೆ ಓಡಾಡೋದು ಇಷ್ಟೇ ಸಂಘದ ಕೆಲಸ ಅಂತ ಬಹಳ ಮಂದಿ ತಿಳಿದಿದ್ದಾರೆ. ಅಷ್ಟೇ ಅಲ್ಲ. ಒಬ್ಬನ ಹೊಲಕ್ಕೆ ಬಂದ ತೊಂದರೆಯನ್ನು ಹತ್ತು ಮಂದಿ ಕೂಡಿ ಕೂತು ವಿಚಾರ ಮಾಡೋದೂ ಸಹಕಾರವೇ. ಇವತ್ತು ಅಂಥ ಒಂದು ತೊಂದರೆಯ ಬಗ್ಗೆ, ಅದರಲ್ಲಿ ನಾವೇ ಮಾಡಿದ ಒಂದು ತಪ್ಪಿನ ಬಗ್ಗೆ ಹೇಳಬೇಕಾಗಿದೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ವಾರ್ಷಿಕ ಸಭೆಯಲ್ಲಿ ರಸ್ತೆ ಬದಿ ಹೊಲದ ಸದಸ್ಯರೊಬ್ಬರು ಎದ್ದು ನಿಂತರು. "ಮೂರು ವರ್ಷ ಆತ್ರೀ, ಮೆಣಸಿನಕಾಯಿ ಎಲಿ ಮುಟುರತಾವ, ಹೂವು ಉದರತಾವ, ಹತ್ತಿ ಕರ್ರಗ ಬರತದ. ಮ್ಯಾಲಿಂದ ಆಸಿಡ್ ಮಳಿ ಬೀಳಾಕ ಹತ್ತೇದ. ಸಾಲ ಎಲ್ಲಿಂದ ಕಟ್ಟೂದು?" ಎಂದರು. ಮಗ್ಗಲಿನ ನಾಲ್ಕು ಹೊಲದವರೂ ಹೌದು ಹೌದು ಎಂದರು. ಸಭೆಯಲ್ಲಿ ಗದ್ದಲವಾಯಿತು. ನಾವೆಲ್ಲ ಕೂಡಿ, ಆಮ್ಲ ಮಳೆಯಿಂದ ಬೆಳೆ ಹಾಳಾಗಿದೆ, ಪರಿಹಾರ ಕೊಡಿಸಬೇಕು ಎಂದು ಅರ್ಜಿ ಬರೆದು, ಇಪ್ಪತ್ತು ಮಂದಿ ಸಹಿ ಮಾಡಿ, ಸಂಬಂಧಪಟ್ಟ ಕಚೇರಿಗೆ ಹೋದೆವು. ಅಲ್ಲಿದ್ದ ಸಾಹೇಬರು ಅರ್ಜಿ ಪೂರ್ತಿ ಓದಿದರು. ಓದಿ ಒಂದೇ ಮಾತು ಕೇಳಿದರು: "ಮಳೆ ನೀರು ಪರೀಕ್ಷೆ ಮಾಡಿಸಿದ ಕಾಗದ ಎಲ್ಲಿ?"

ನಮ್ಮ ಹತ್ತಿರ ಎಲ್ಲಿತ್ತು ಕಾಗದ? ಹೋದ ದಾರಿಯಲ್ಲೇ ತಿರುಗಿ ಬಂದೆವು. ದಾರಿಯಲ್ಲಿ ಸಾಹೇಬರಿಗೆ ಬೈದೆವು, ಸರ್ಕಾರಕ್ಕೆ ಬೈದೆವು. ಮನೆಗೆ ಬಂದು ಊಟ ಮಾಡಿ ಮಲಗಿದಾಗ ಮಾತ್ರ ಒಂದು ವಿಚಾರ ಹತ್ತಿತು. ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? ನಮ್ಮ ಮೇಲೆ ಬೀಳುವ ಮಳೆ ಹುಳಿಯೋ ಸಿಹಿಯೋ ಎಂದು ನಾವೇ ನೋಡಿಲ್ಲ. ನೋಡದೇ ಸಹಿ ಹಾಕಿದ್ದೆವು.

ಹಾಗಾದರೆ ಆಮ್ಲ ಮಳೆ ಅಂದರೆ ಏನು? ಇದು ಹೊಸ ಮಾತಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಊರಲ್ಲಿ ಹತ್ತಿ ಗಿರಣಿಗಳು ಹಗಲು ರಾತ್ರಿ ಕಲ್ಲಿದ್ದಲು ಸುಡುತ್ತಿದ್ದ ಕಾಲ. ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ 1852ರಲ್ಲಿ ಆ ಊರಿನ ಮಳೆಯಲ್ಲಿ ಆಮ್ಲ ಇದೆ ಎಂದು ತೋರಿಸಿದ. ಮುಂದೆ 1872ರಲ್ಲಿ ತನ್ನ ಪುಸ್ತಕದಲ್ಲಿ ಅದಕ್ಕೆ 'ಆಮ್ಲ ಮಳೆ' ಎಂಬ ಹೆಸರನ್ನೇ ಕೊಟ್ಟ. ಕಲ್ಲಿದ್ದಲು, ಎಣ್ಣೆ ಸುಟ್ಟಾಗ ಅದರೊಳಗಿನ ಗಂಧಕ ಹೊಗೆಯಾಗಿ ಮೇಲೇರುತ್ತದೆ. ವಾಹನ ಮತ್ತು ಕಾರ್ಖಾನೆಯ ಬಿಸಿಯಲ್ಲಿ ಗಾಳಿಯ ಸಾರಜನಕವೂ ಸುಟ್ಟು ಅನಿಲವಾಗುತ್ತದೆ. ಇವೆರಡೂ ಮೋಡದ ನೀರಿಗೆ ಸೇರಿ ಗಂಧಕಾಮ್ಲ, ನೈಟ್ರಿಕ್ ಆಮ್ಲ ಆಗಿ ಕೆಳಗಿಳಿಯುತ್ತವೆ. ಹುಳಿಯನ್ನು ಅಳೆಯುವ ಮಾಪಕಕ್ಕೆ ಪಿಎಚ್ ಅನ್ನುತ್ತಾರೆ. 7 ಅಂದರೆ ಹುಳಿಯೂ ಅಲ್ಲ, ಚೌಳೂ ಅಲ್ಲ. ಕೆಳಗೆ ಹೋದಂತೆ ಹುಳಿ ಹೆಚ್ಚು. ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಶುದ್ಧ ಮಳೆಯೂ ಗಾಳಿಯ ಇಂಗಾಲದ ಅನಿಲ ಕರಗಿಸಿಕೊಂಡು 5.6ರ ಸುತ್ತ ಇರುತ್ತದೆ. ಅದಕ್ಕಿಂತ ಕೆಳಗಿಳಿದರೆ ಆಮ್ಲ ಮಳೆ. ಯುರೋಪ್, ಅಮೆರಿಕಗಳಲ್ಲಿ ಇಂಥ ಮಳೆಯಿಂದ ಕೆರೆಯ ಮೀನು ಸತ್ತವು, ಕಾಡಿನ ಮರಗಳು ಸೊರಗಿದವು. ಅದು ಸುಳ್ಳಲ್ಲ.

ಆದರೆ ನಮ್ಮ ಗಬ್ಬೂರಿನಲ್ಲಿ? ನಾವು ಹುಬ್ಬಳ್ಳಿಯ ಪೇಟೆಯಿಂದ ಪಿಎಚ್ ಕಾಗದದ ಒಂದು ಪುಸ್ತಕ ತಂದೆವು. ಬಹಳ ಬೆಲೆಯದಲ್ಲ. ಮಾಳಗಿಯ ಮೇಲೆ ತೊಳೆದ ಸ್ಟೀಲ್ ಪಾತ್ರೆ ಇಟ್ಟು, ಮಿರಗದ ಮಳೆ, ಉತ್ತರಿ ಮಳೆ, ಚಿತ್ತಿ ಮಳೆ, ಹೀಗೆ ಬೇರೆ ಬೇರೆ ಮಳೆಯ ನೀರು ಹಿಡಿದು ಕಾಗದ ಅದ್ದಿ ನೋಡಿದೆವು. ಕಾಗದದ ಬಣ್ಣ ಹುಳಿ ಕಡೆಗೆ ತಿರುಗಲಿಲ್ಲ. ಇದು ಪ್ರಯೋಗಶಾಲೆಯ ಲೆಕ್ಕವಲ್ಲ, ಹಳ್ಳಿಯ ಲೆಕ್ಕ, ನಿಜ. ಆದರೂ ನಮ್ಮ ಅರ್ಜಿಯ ಮೊದಲನೇ ಸಾಲು ಅಲ್ಲಿಗೇ ಬಿದ್ದುಹೋಯಿತು.

ಇದಕ್ಕೆ ಕಾರಣವೂ ಇದೆ. ನಮ್ಮ ದೇಶದ ಗಾಳಿಯಲ್ಲಿ ಮಣ್ಣಿನ ಧೂಳು ಬಹಳ. ಆ ಧೂಳಿನಲ್ಲಿ ಸುಣ್ಣದ ಅಂಶ ಇರುತ್ತದೆ. ಅದು ಮಳೆಯ ಹುಳಿಯನ್ನು ಮೇಲೆಯೇ ಮುರಿಯುತ್ತದೆ. ಕಾರ್ಖಾನೆ, ವಿದ್ಯುತ್ ಸ್ಥಾವರ ದಟ್ಟವಾಗಿರುವ ಕಡೆ ಈ ರಕ್ಷಣೆ ಸೋಲುತ್ತಿದೆ, ಅಂಥಲ್ಲಿ ಮಳೆಯ ಹುಳಿ ಏರುತ್ತಿದೆ ಎಂದು ವಿಜ್ಞಾನಿಗಳು ಎಚ್ಚರಿಸಿದ್ದಾರೆ. ಅದನ್ನು ಮರೆಯಬಾರದು. ಇನ್ನು ಕೆಳಗೆ ನಮ್ಮ ಎರಿ ಭೂಮಿ. ನಿಮ್ಮ ಹೊಲದಲ್ಲಿ ಕುಂಟೆ ಹೊಡೆದಾಗ ಬೆಳ್ಳನೆಯ ಸುಣ್ಣದ ಹರಳು ಮೇಲೆ ಬರುತ್ತಾವಲ್ಲ, ಅದನ್ನೊಂದು ತಗೊಂಡು ಅದರ ಮೇಲೆ ನಿಂಬಿಹಣ್ಣು ಹಿಂಡಿ ನೋಡಿರಿ. ಸುಂಯ್ ಅಂತ ನೊರೆ ಏಳುತ್ತದೆ. ಆ ನೊರೆಯೇ ನಮ್ಮ ಕಾವಲುಗಾರ. ಹುಳಿ ಬಿದ್ದರೂ ನುಂಗಿ ಹಾಕುವ ಶಕ್ತಿ ಎರಿ ಮಣ್ಣಿಗಿದೆ. ಕಲಘಟಗಿ, ಅಳ್ನಾವರ ದಾಟಿ ಮಲೆನಾಡ ಸೆರಗಿಗೆ ಹೋದರೆ ಕೆಂಪು ಜಂಬಿಟ್ಟಿಗೆ ಮಣ್ಣು. ಅದು ಮೊದಲೇ ಹುಳಿ, ಅದರಲ್ಲಿ ಸುಣ್ಣ ಕಡಿಮೆ. ಅಲ್ಲಿಯ ರೈತರು ಮಳೆಗೆ ಅಂಜಬೇಕಾದಷ್ಟು ನಾವು ಅಂಜಬೇಕಿಲ್ಲ.

ಇನ್ನೊಂದು ವಿಚಿತ್ರ ಕೇಳಿರಿ. ಯುರೋಪಿನವರು ಕಾಯ್ದೆ ಮಾಡಿ ಹೊಗೆಯ ಗಂಧಕ ಇಳಿಸಿದರು. ಒಳ್ಳೆಯದೇ ಆಯಿತು. ಆದರೆ ಮುಂದೆ ಅಲ್ಲಿಯ ಸಾಸಿವೆ ಜಾತಿಯ ಎಣ್ಣೆಕಾಳು ಬೆಳೆಗೆ ಗಂಧಕದ ಕೊರತೆ ಬಂದು, ರೈತರು ಗಂಧಕದ ಗೊಬ್ಬರ ಕೊಂಡು ಹಾಕಬೇಕಾಯಿತು. ಗಂಧಕ ನಮಗೂ ವೈರಿಯಲ್ಲ. ಶೇಂಗಾಕ್ಕೆ ಜಿಪ್ಸಂ ಹಾಕುತ್ತೇವೆ, ಬೂದಿ ರೋಗಕ್ಕೆ ಗಂಧಕದ ಪುಡಿ ಹೊಡೆಯುತ್ತೇವೆ. ಅದೇ ಗಂಧಕ ಹೊಗೆಯಾಗಿ ಎಲೆಯ ಉಸಿರಾಟದ ರಂಧ್ರದೊಳಗೆ ಹೊಕ್ಕರೆ ಮಾತ್ರ ಎಲೆಯನ್ನು ಸುಡುತ್ತದೆ. ಅಡುಗೆ ಮಾಡೋ ಬೆಂಕಿಯೂ ಮನಿ ಸುಡೋ ಬೆಂಕಿಯೂ ಒಂದೇ, ಇರುವ ಜಾಗ ಬೇರೆ.

ಮಳೆ ತಪ್ಪಿತಸ್ಥ ಅಲ್ಲ ಅಂದಮೇಲೆ ಆ ಸದಸ್ಯರ ಮೆಣಸಿನಕಾಯಿ ಯಾಕೆ ಮುಟುರಿತು? ಹತ್ತಿ ಯಾಕೆ ಕರ್ರಗಾಯಿತು? ಅವರು ಸುಳ್ಳು ಹೇಳಿರಲಿಲ್ಲ. ನಷ್ಟ ಖರೆ, ಕಾರಣ ಮಾತ್ರ ಬೇರೆ ಇತ್ತು. ಅದನ್ನು ನಮಗೆ ತೋರಿಸಿಕೊಟ್ಟಿದ್ದು ಯಾವ ಯಂತ್ರವೂ ಅಲ್ಲ, ಒಂದು ಹಳೇ ಧೋತರದ ತುಂಡು.

ನಮ್ಮ ಕಡೆ ಕಡಲಿ ಹುಳಿ ತೆಗೆಯೋ ಪದ್ಧತಿ ತಾಯಂದಿರಿಗೆ ಗೊತ್ತಿದೆ. ಕಡಲೆ ಗಿಡ ತನ್ನ ಎಲೆಯಿಂದಲೇ ಹುಳಿ ಹೊರಡಿಸುತ್ತದೆ, ಮಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಎಂದು ಅದಕ್ಕೆ ಹೆಸರು. ಚಳಿಗಾಲದ ರಾತ್ರಿ ಗಿಡದ ಮೇಲೆ ತೊಳೆದ ಬಿಳಿ ಬಟ್ಟೆ ಹಾಸಿ, ಬೆಳಿಗ್ಗೆ ಇಬ್ಬನಿ ಸಮೇತ ಹಿಂಡಿ ಶೀಸೆಯಲ್ಲಿ ತುಂಬಿ ಇಡುತ್ತಿದ್ದರು. ಹೊಟ್ಟೆನೋವಿಗೆ ಅದೇ ಔಷಧ. ನಮ್ಮ ಆಯಿ ಹಾಗೆ ತೆಗೆದ ಹುಳಿಯನ್ನು ನಾವು ಬೆರಳದ್ದಿ ನೆಕ್ಕಿದ್ದು ಇನ್ನೂ ನೆನಪಿದೆ. ಅದೇ ರೀತಿ ಮಾಡಿ ನೋಡೋಣವೆಂದು, ರಸ್ತೆಗೆ ಹತ್ತಿದ ಕಡಲೆ ಹೊಲದಲ್ಲಿ ಒಂದು ಬಟ್ಟೆ, ಊರ ಒಳಗಿನ ದೂರದ ಹೊಲದಲ್ಲಿ ಇನ್ನೊಂದು ಬಟ್ಟೆ ಹಾಸಿದೆವು. ಬೆಳಿಗ್ಗೆ ಎರಡನ್ನೂ ಹಿಂಡಿದೆವು. ದೂರದ ಹೊಲದ ನೀರು ತಿಳಿಯಾಗಿತ್ತು. ರಸ್ತೆ ಬದಿಯದು ರಾಡಿ. ಬಟ್ಟೆಯ ಮೇಲೆ ಕರಿ ಕಲೆ ಕೂತಿತ್ತು, ಎರಡು ಸಲ ತೊಳೆದರೂ ಹೋಗಲಿಲ್ಲ. ಅಲ್ಲಿದ್ದ ಒಬ್ಬ ತಾಯಿ, "ಇದನ್ನ ಕೂಸಿಗೆ ಹೆಂಗ್ ಕುಡಸ್ತೀರಿ?" ಎಂದರು. ನಮ್ಮ ಇಡೀ ಅರ್ಜಿಯಲ್ಲಿ ಇಲ್ಲದ ಪುರಾವೆ ಆ ಬಟ್ಟೆಯಲ್ಲಿತ್ತು.

ಗಬ್ಬೂರ ಎಲ್ಲಿದೆ ನೋಡಿರಿ. ಪುಣೆ-ಬೆಂಗಳೂರು ಹೆದ್ದಾರಿ ನಮ್ಮ ಮಗ್ಗಲಲ್ಲೇ. ನರೇಂದ್ರದಿಂದ ಬರುವ ಬೈಪಾಸ್ ರಸ್ತೆ ಬಂದು ಮುಟ್ಟುವುದು ಗಬ್ಬೂರ ಕ್ರಾಸಿಗೇ. ಲಾರಿ, ಬಸ್ಸು ಎಂದೂ ನಿಲ್ಲುವುದಿಲ್ಲ. ರಸ್ತೆಯಿಂದ ನಮಗೆ ಉಪಕಾರವೂ ಆಗಿದೆ, ಅಮರಗೋಳದ ಎಪಿಎಂಸಿಗೆ ಮಾಲು ಒಯ್ಯುವುದು ಹಗುರಾಗಿದೆ. ಆದರೆ ಗಾಲಿ ಡಾಂಬರು ಬಿಟ್ಟು ಕೆಳಗಿಳಿದಾಗೆಲ್ಲ ಎದ್ದ ಧೂಳು, ಡೀಸೆಲ್ ಮಸಿ, ಟೈರಿನ ಪುಡಿ ಹೊಲಕ್ಕೆ ಬರುತ್ತದೆ. ಇದು ನಮ್ಮ ಒಂದೂರಿನ ಮಾತಲ್ಲ. ಕೇಂದ್ರ ಸರ್ಕಾರ 2019ರಲ್ಲಿ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗ, ಗಾಳಿ ಕೆಟ್ಟ ಊರುಗಳೆಂದು ಕರ್ನಾಟಕದ ನಾಲ್ಕು ಹೆಸರು ಬಂದವು. ಬೆಂಗಳೂರು, ದಾವಣಗೆರೆ, ಕಲಬುರಗಿ, ಮತ್ತು ನಮ್ಮ ಹುಬ್ಬಳ್ಳಿ-ಧಾರವಾಡ. ಇಲ್ಲಿ ಮುಖ್ಯ ದೂರು ಗಂಧಕದ ಅನಿಲದ್ದಲ್ಲ, ಧೂಳಿನ ಕಣದ್ದು. ಡೀಸೆಲ್‌ನಲ್ಲಿ ಗಂಧಕ ಈಗ ಬಹಳ ಇಳಿದಿದೆ. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಹತ್ತು ಲಕ್ಷ ಭಾಗಕ್ಕೆ 10 ಭಾಗಕ್ಕಿಂತ ಹೆಚ್ಚು ಇರಬಾರದೆಂದು ನಿಯಮ. ಧೂಳಿಗೆ ಮಾತ್ರ ಅಂಥ ಸೋಸುವ ಜರಡಿ ಇನ್ನೂ ಬಂದಿಲ್ಲ.

ಧೂಳು ಬೆಳೆಗೆ ಏನು ಮಾಡುತ್ತದೆ? ಎಲೆಯೇ ಗಿಡದ ಅಡುಗೆ ಮನೆ. ಬಿಸಿಲು ಬಿದ್ದರೆ ಒಲೆ ಉರಿಯುತ್ತದೆ. ಎಲೆಯ ಮೇಲೆ ಧೂಳಿನ ಪದರ ಕೂತರೆ ಬಿಸಿಲಿಗೆ ಅಡ್ಡ ಪರದೆ ಕಟ್ಟಿದಂತೆ. ಕೆಳಗಿನ ರಂಧ್ರ ಮುಚ್ಚಿದರೆ ಉಸಿರು ಕಟ್ಟುತ್ತದೆ, ಎಲೆ ಕಾಯುತ್ತದೆ. ಹೂವಿನ ಮೇಲೆ ಧೂಳು ಕೂತರೆ ಪರಾಗ ಅಂಟುವುದಿಲ್ಲ, ಜೇನುಹುಳ ದೂರ ಸರಿಯುತ್ತದೆ, ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಇನ್ನೊಂದು ಗುಟ್ಟು: ಧೂಳು ಕೂತ ಗಿಡಕ್ಕೆ ನುಸಿ ಬೇಗ ಹತ್ತುತ್ತದೆ, ಯಾಕೆಂದರೆ ನುಸಿಯನ್ನು ತಿನ್ನುವ ಒಳ್ಳೆಯ ಹುಳುಗಳಿಗೆ ಧೂಳು ಆಗಿಬರುವುದಿಲ್ಲ. ಮೆಣಸಿನಕಾಯಿ ಎಲೆ ಮುಟುರುವುದು ನುಸಿ ಮತ್ತು ಥ್ರಿಪ್ಸ್ ಹುಳದಿಂದ. ನಾವು ಅದಕ್ಕೆ ಔಷಧ ಹೊಡೆದದ್ದೇ ಹೊಡೆದದ್ದು. ಧೂಳಿನ ಕಡೆ ಯಾರೂ ನೋಡಲಿಲ್ಲ. ಹತ್ತಿಗಂತೂ ಎರಡು ಪೆಟ್ಟು. ಇಳುವರಿ ಇಳಿಯುವುದು ಒಂದು, ಒಡೆದ ಕಾಯಿಯ ಅರಳೆಗೆ ಧೂಳು ಹತ್ತಿ ಮಾರ್ಕೆಟ್ಟಿನಲ್ಲಿ ದರ ಇಳಿಯುವುದು ಇನ್ನೊಂದು. ಮಳೆಗಾಲದಲ್ಲಿ ಮಳೆಯೇ ಎಲೆ ತೊಳೆಯುತ್ತದೆ. ಮಳೆ ನಿಂತ ಮೇಲೆ, ದೀಪಾವಳಿಯಿಂದ ಯುಗಾದಿವರೆಗೆ, ತೊಳೆಯೋರು ಯಾರೂ ಇಲ್ಲ. ಹತ್ತಿ, ಮೆಣಸಿನಕಾಯಿ, ಕಡಲೆ, ಗೋಧಿ, ಕುಸುಬಿ ಎಲ್ಲ ಆಗಲೇ ಹೊಲದಲ್ಲಿ ಇರೋದು. ನಾವು ಮಳೆಯನ್ನು ಬೈದೆವು. ನೋಡಿದರೆ ಮಳೆಯೇ ನಮ್ಮ ಎಲೆ ತೊಳೆಯುವ ಅಗಸ.

ಧೂಳು ಎಷ್ಟು ಕೆಡಿಸಬಲ್ಲದು ಎಂಬುದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಅದಿರಿನ ಭರಾಟೆ ನಡೆದ ದಿನಗಳನ್ನು ನೆನೆಯಿರಿ. ಕೆಂಪು ಲಾರಿಗಳ ಸಾಲು ಹುಬ್ಬಳ್ಳಿ ಮೇಲೆ ಹಾದು ಅಂಕೋಲಾ ಘಟ್ಟ ಇಳಿದು ಬೇಲೇಕೇರಿ ಬಂದರಿಗೆ ಹೋಗುತ್ತಿದ್ದವು. ಅಲ್ಲಿಯ ರಸ್ತೆ ಬದಿಯ ಜೋಳ, ಹತ್ತಿ, ಮೆಣಸಿನಕಾಯಿ ಹೊಲಗಳು ಕೆಂಪು ಕಂಬಳಿ ಹೊದ್ದಂತೆ ಆಗಿದ್ದವು. ಆ ಅಕ್ರಮದ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ನಮ್ಮ ಧಾರವಾಡದ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ವರದಿ ಕೊಟ್ಟರು. ಅದೇ ತಿಂಗಳ 29ರಂದು ಕೋರ್ಟು ಬಳ್ಳಾರಿ ಗಣಿಗಾರಿಕೆ ನಿಲ್ಲಿಸಿತು. ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಸುತ್ತಲಿನವರೂ ಭತ್ತ, ಮಲ್ಲಿಗೆ, ತೆಂಗಿನ ಮೇಲೆ ಬೂದಿ ಮತ್ತು ಉಪ್ಪು ಹನಿ ಬೀಳುತ್ತದೆ ಎಂದು ವರ್ಷಗಟ್ಟಲೆ ಹೋರಾಡಿದರು. 2022ರಲ್ಲಿ ಹಸಿರು ನ್ಯಾಯಮಂಡಳಿ ಸ್ಥಾವರಕ್ಕೆ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟಲು ಆದೇಶಿಸಿತು. ಈ ಎರಡೂ ಕಡೆ ಗೆದ್ದದ್ದು ಕೂಗಾಟವಲ್ಲ, ದಾಖಲೆ. ತಾರೀಖು, ಫೋಟೋ, ಪರೀಕ್ಷೆಯ ಕಾಗದ, ಬಿಡದೆ ಹಿಂದೆ ಬಿದ್ದ ಜನ. ನಮ್ಮ ಅರ್ಜಿಯಲ್ಲಿ ಇವು ಯಾವುವೂ ಇರಲಿಲ್ಲ.

ಧೂಳು ಕಣ್ಣಿಗೆ ಕಾಣುತ್ತದೆ. ಕಾಣದ ವೈರಿಯೂ ಒಂದಿದೆ, ಅದರ ಹೆಸರು ಓಝೋನ್. ಆಕಾಶದಲ್ಲಿ ಬಹು ಮೇಲಿನ ಓಝೋನ್ ನಮಗೆ ಕೊಡೆ ಇದ್ದಂತೆ. ನೆಲದ ಮಟ್ಟದಲ್ಲಿ ಹುಟ್ಟಿದರೆ ಅದೇ ವಿಷ. ವಾಹನದ ಹೊಗೆ, ಕಸ ಸುಟ್ಟ ಹೊಗೆ ಬಿಸಿಲಿನಲ್ಲಿ ಬೆಂದು ಓಝೋನ್ ಆಗುತ್ತದೆ. ಅದು ಎಲೆಯೊಳಗೆ ಹೊಕ್ಕು ಎಲೆಯನ್ನು ಬೇಗ ಮುದಿಯಾಗಿಸುತ್ತದೆ. ಗೋಧಿ, ಸೋಯಾಬೀನ್, ಹತ್ತಿ ಇದಕ್ಕೆ ಬೇಗ ಬಾಗುತ್ತವೆ, ಜೋಳ ಮತ್ತು ಗೋವಿನಜೋಳ ಸ್ವಲ್ಪ ಗಟ್ಟಿ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2014ರಲ್ಲಿ ಒಂದು ಲೆಕ್ಕ ಕೊಟ್ಟರು. 2005ರ ಒಂದೇ ವರ್ಷದಲ್ಲಿ ಓಝೋನಿನಿಂದ ದೇಶಕ್ಕೆ ಸುಮಾರು 35 ಲಕ್ಷ ಟನ್ ಗೋಧಿ, 21 ಲಕ್ಷ ಟನ್ ಅಕ್ಕಿ ನಷ್ಟ. ಅದು 9 ಕೋಟಿಗೂ ಹೆಚ್ಚು ಬಡವರ ಊಟ. ಅದೇ ವರ್ಷ ಜೆನಿಫರ್ ಬರ್ನಿ ಮತ್ತು ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಮನಾಥನ್ ಅವರು ಇನ್ನೊಂದು ಲೆಕ್ಕ ಮಂಡಿಸಿದರು. ಹವೆಯ ಬದಲಾವಣೆ ಮತ್ತು ಮಸಿ, ಓಝೋನ್ ಇಲ್ಲದಿದ್ದರೆ 2010ರಲ್ಲಿ ಎಷ್ಟು ಗೋಧಿ ಬರಬೇಕಿತ್ತೋ, ಅದಕ್ಕಿಂತ ಶೇಕಡಾ 36ರವರೆಗೆ ಕಡಿಮೆ ಬಂದಿದೆ, ಅದರಲ್ಲಿ ದೊಡ್ಡ ಪಾಲು ಗಾಳಿ ಕೆಟ್ಟಿದ್ದರಿಂದಲೇ ಎಂದು. ಹೆಚ್ಚಿನ ನಷ್ಟ ಉತ್ತರ ಭಾರತದ್ದು. ಆದರೂ ಓಝೋನಿಗೆ ಊರ ಗಡಿ, ಹೊಲದ ಬದು ಗೊತ್ತಿಲ್ಲ. ಹುಬ್ಬಳ್ಳಿಯಲ್ಲಿ ಎದ್ದ ಹೊಗೆ ಕುಂದಗೋಳದ ಹೊಲದಲ್ಲಿ ಓಝೋನಾಗಿ ಇಳಿಯಬಹುದು.

ಹೊಗೆಯ ಗುರುತು ಹಣ್ಣಿನ ಮೇಲೂ ಬೀಳುತ್ತದೆ. ಇಟ್ಟಂಗಿ ಭಟ್ಟಿಯ ಹತ್ತಿರದ ಮಾವಿನ ತೋಟದಲ್ಲಿ ಕಾಯಿಯ ತುದಿ ಕರ್ರಗಾಗಿ ಗಟ್ಟಿಯಾಗುತ್ತದೆ. ಉತ್ತರ ಭಾರತದವರು ಇದನ್ನು ನೂರು ವರ್ಷದ ಹಿಂದೆಯೇ ಗುರುತಿಸಿದ್ದರು. ಇದು ರೋಗಾಣುವಿನಿಂದ ಬಂದದ್ದಲ್ಲ, ಭಟ್ಟಿಯ ಹೊಗೆಯ ಗಂಧಕದ ಅನಿಲ ಮುಂತಾದವುಗಳಿಂದ ಬಂದದ್ದು. ಧಾರವಾಡ ಕಡೆ ಆಪೂಸ್ ತೋಟ ಇರುವ ಬೀಗರು ನಿಮಗೂ ಇರುತ್ತಾರೆ, ಅವರಿಗೆ ಇದನ್ನು ಹೇಳಿರಿ. ಲೀಟರ್ ನೀರಿಗೆ 6 ಗ್ರಾಂ ಬೋರಾಕ್ಸ್ ಕಲಸಿ ಹೊಡೆಯುವ ಉಪಾಯ ಇದೆ. ಆದರೂ ಭಟ್ಟಿಯನ್ನು ತೋಟದಿಂದ ದೂರ ಇಡುವುದೇ ಸರಿಯಾದ ಮದ್ದು.

ಇಲ್ಲಿಯವರೆಗೆ ಬೇರೆಯವರ ಹೊಗೆ ಲೆಕ್ಕ ಹಾಕಿದೆವು. ಈಗ ನಮ್ಮದು. ಕಟುವಾದ ಮಾತು, ಹಿರಿಯರು ಸಿಟ್ಟಾಗಬಾರದು. ಪ್ರತಿ ವರ್ಷ ಶಿವರಾತ್ರಿ ಮುಂದೆ ಹಿಂದೆ ನಮ್ಮ ಹೊಲಗಳಲ್ಲಿ ಹತ್ತಿ ಕಟಗಿ, ಗೋವಿನಜೋಳದ ದಂಟಿಗೆ ಬೆಂಕಿ ಹಚ್ಚುವವರು ಯಾರು? ನಾವೇ. ಊರ ಹೊರಗೆ ಪ್ಲಾಸ್ಟಿಕ್ಕು, ಹಳೇ ಟೈರು ಸುಡುವವರು ಯಾರು? ಅದೂ ನಾವೇ. ರಸ್ತೆಯ ಹೊಗೆಗೆ ಅರ್ಜಿ ಬರೆದ ಅದೇ ವಾರ ನಮ್ಮ ಹೊಲದಲ್ಲಿ ಕಟಗಿ ಸುಟ್ಟಿದ್ದೆವು, ಒಪ್ಪಿಕೊಳ್ಳುತ್ತೇವೆ. ಸುಟ್ಟಾಗ ಹೋಗುವುದು ಬರೀ ಕಸವಲ್ಲ. ಒಂದು ಟನ್ ಭತ್ತದ ಹುಲ್ಲು ಸುಟ್ಟರೆ 5.5 ಕಿಲೋ ಸಾರಜನಕ, 2.3 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್, 1.2 ಕಿಲೋ ಗಂಧಕ ಕೈಬಿಡುತ್ತದೆ ಎಂದು ಕೃಷಿ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹತ್ತಿ ಕಟಗಿಯ ಅಂಕಿ ಬೇರೆ ಇರಬಹುದು, ತತ್ವ ಒಂದೇ. ಸಂಘದ ಗೋದಾಮಿನಿಂದ ಸಾಲದ ಮೇಲೆ ಗೊಬ್ಬರ ಒಯ್ದು, ಹೊಲದಲ್ಲಿದ್ದ ಗೊಬ್ಬರಕ್ಕೆ ಕಡ್ಡಿ ಗೀರುತ್ತೇವೆ. ಇದಕ್ಕೆ ಏನು ಹೇಳಬೇಕು ನೀವೇ ಹೇಳಿರಿ.

ವಿಮೆ ಇದೆಯಲ್ಲ ಎಂದು ಕೆಲವರು ಕೇಳಬಹುದು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಬರ, ನೆರೆ, ಆಲಿಕಲ್ಲು, ರೋಗಕ್ಕೆ ನೆರವಾಗುತ್ತದೆ. ತಡೆಯಬಹುದಾದ ನಷ್ಟವನ್ನು ಹೊರಗಿಟ್ಟಿದೆ. ಧೂಳಿಗೆ ವಿಮೆಯ ಆಸೆ ಇಟ್ಟುಕೊಳ್ಳಬೇಡಿರಿ. ಹೀಗಾಗಿ ನಮ್ಮ ಬೆಳೆಯನ್ನು ಕಾಯುವುದು ನಮ್ಮ ಕೈಯಲ್ಲೇ ಇದೆ. ಬೆಳ್ಳಿ ಹಬ್ಬದ ನೆನಪಿಗೆ ಐದು ಕೆಲಸಗಳನ್ನು ಸಭೆಯ ಮುಂದೆ ಇಡುತ್ತೇವೆ.

ಒಂದನೆಯದು, ಬೇಲಿ. ರಸ್ತೆ ಬದಿಯ ಹೊಲದ ಬದುವಿನಲ್ಲಿ ಬೇವು, ಹೊಂಗೆ, ಹುಣಸೆ ಸಾಲು ಹಚ್ಚೋಣ, ಕೆಳಗೆ ಒತ್ತಾಗಿ ಪೊದೆ ಗಿಡ. ಮೇಲೆ ಎಲೆ, ಕೆಳಗೆ ಪೊದೆ ಇದ್ದರೆ ಧೂಳು ಅಲ್ಲೇ ನಿಲ್ಲುತ್ತದೆ. ಬರೀ ಎತ್ತರದ ಮರ ಹಚ್ಚಿದರೆ ಧೂಳು ಕಾಲ ಕೆಳಗೆ ನುಸುಳಿ ಬರುತ್ತದೆ. ಮರ ಬೆಳೆಯುವವರೆಗೆ ರಸ್ತೆ ಕಡೆಯ ನಾಲ್ಕಾರು ಸಾಲು ಎತ್ತರದ ಜೋಳ ಬಿತ್ತಿರಿ. ಮೆಣಸಿನಕಾಯಿಯನ್ನು ಒಳಗಿನ ಹೊಲಕ್ಕೆ ಸರಿಸಿರಿ.

ಎರಡನೆಯದು, ಎಲೆ ತೊಳೆಯುವುದು. ನೀರಿನ ಅನುಕೂಲ ಇದ್ದವರು ಹೂವು ಬಿಡುವ ಮುಂಚೆ ರಸ್ತೆ ಬದಿ ಸಾಲುಗಳಿಗೆ ಪಂಪಿನಿಂದ ಬರೀ ನೀರು ಹೊಡೆಯಿರಿ. ನುಸಿಗೆ ಔಷಧ ಕೊಳ್ಳುವ ಮುಂಚೆ ಇದನ್ನು ಮಾಡಿ ನೋಡಿರಿ. ಹತ್ತಿ ಬಿಡಿಸುವಾಗ ಮೊದಲ ನಾಲ್ಕು ಸಾಲಿನ ಹತ್ತಿ ಬೇರೆ ಚೀಲಕ್ಕೆ ಹಾಕಿರಿ. ಅದರಿಂದ ಉಳಿದ ಹತ್ತಿಯ ದರ ಕೆಡುವುದಿಲ್ಲ.

ಮೂರನೆಯದು, ಬೆಂಕಿ ಬಂದ್. ಕಟಗಿ ಕತ್ತರಿಸಿ ಪುಡಿ ಮಾಡುವ ಯಂತ್ರವನ್ನು ಸಂಘ ಕೊಂಡು ಸದಸ್ಯರಿಗೆ ಬಾಡಿಗೆಗೆ ಕೊಡಬೇಕು. ಒಬ್ಬನಿಗೆ ಆಗದ್ದು ನೂರು ಮಂದಿಗೆ ಆಗುತ್ತದೆ, ಸಂಘ ಇರುವುದು ಅದಕ್ಕೇ. ಪುಡಿಯನ್ನು ಎರೆಹುಳ ಗೊಬ್ಬರಕ್ಕೋ ಹೊಲಕ್ಕೋ ಹಾಕಬಹುದು.

ನಾಲ್ಕನೆಯದು, ದಾಖಲೆ. ಸಂಘದ ಕಚೇರಿಯಲ್ಲಿ ಒಂದು ರಿಜಿಸ್ಟರ್ ಇಡಬೇಕು. ತಾರೀಖು, ಹೊಲ, ಬೆಳೆ, ರಸ್ತೆಯಿಂದ ದೂರ, ಎಲೆಯ ಫೋಟೋ, ಬಟ್ಟೆ ಹಾಸಿ ನೋಡಿದ ಫಲ, ದೂರದ ಹೊಲದ ಇಳುವರಿ, ಹತ್ತಿರದ ಹೊಲದ ಇಳುವರಿ, ಎಲ್ಲ ಬರೆಯಬೇಕು. ಶಾಲೆಯ ಮಕ್ಕಳಿಗೆ ಮಳೆ ನೀರು ಪರೀಕ್ಷೆ ಕಲಿಸೋಣ. ದೇಶದಲ್ಲಿ ಕಲ್ಲಿದ್ದಲು ಸುಡುವುದು ನಿಂತಿಲ್ಲ. ಗಂಧಕದ ಹೊಗೆ ತಡೆಯುವ ಯಂತ್ರ ಕೂಡಿಸಬೇಕೆಂಬ 2015ರ ನಿಯಮದಿಂದ ಬಹಳಷ್ಟು ವಿದ್ಯುತ್ ಸ್ಥಾವರಗಳಿಗೆ 2025ರಲ್ಲಿ ವಿನಾಯಿತಿ ಸಿಕ್ಕಿದೆ. ಇವತ್ತು ನಮ್ಮ ಮಳೆ ಹುಳಿಯಾಗಿಲ್ಲ, ನಾಳೆ ಆದರೆ ನಮಗೆ ಗೊತ್ತಾಗಬೇಕು.

ಐದನೆಯದು, ಸರಿಯಾದ ಅರ್ಜಿ. 1981ರ ವಾಯು ಮಾಲಿನ್ಯ ಕಾಯ್ದೆ ಇದೆ, ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮಗ್ಗಲಲ್ಲೇ ಇದೆ, ಅಲ್ಲಿಯ ಪಂಡಿತರನ್ನು ಹೊಲಕ್ಕೆ ಕರೆದು ಎಲೆ ತೋರಿಸೋಣ. ನಮ್ಮ ಹೊಸ ಅರ್ಜಿಯಲ್ಲಿ ಪರಿಹಾರದ ಹಣಕ್ಕಿಂತ ಮೊದಲು ಕೇಳಬೇಕಾದದ್ದು ಮೂರೇ: ರಸ್ತೆ ಅಂಚಿನ ಮಣ್ಣಿಗೆ ಹೊದಿಕೆ, ಮಣ್ಣು-ಜಲ್ಲಿ ಒಯ್ಯುವ ವಾಹನಕ್ಕೆ ತಾಡಪತ್ರಿ, ರಸ್ತೆ ಬದಿ ಗಿಡ.

ಕೊನೆಯ ಮಾತು. ಅವತ್ತು ಸಭೆಯಲ್ಲಿ ಎದ್ದು ನಿಂತ ಆ ಸದಸ್ಯರು ಇವತ್ತೂ ಇಲ್ಲೇ ಮುಂದೆ ಕೂತಿದ್ದಾರೆ. ಅವರ ಸಾಲದ ಕಂತು ಆ ವರ್ಷ ತಪ್ಪಿತು. ಅವರನ್ನು ನಾವು ಕಟ್ಟಬಾಕಿದಾರರ ಪಟ್ಟಿಯಲ್ಲಿ ಓದಿದೆವು, ಅವರು ತಲೆ ತಗ್ಗಿಸಿದರು. ನಿಜ ಹೇಳಬೇಕೆಂದರೆ ತಲೆ ತಗ್ಗಿಸಬೇಕಾದವರು ನಾವು. ಅವರ ಹೊಲಕ್ಕೆ ಹೋಗಿ ಎಲೆ ಮುಟ್ಟಿ ನೋಡದೆ, ಕೇಳಿದ ಮಾತಿಗೆ ಸಹಿ ಹಾಕಿ, ಅವರ ಖರೆ ನಷ್ಟವನ್ನು ಸುಳ್ಳು ಕಾರಣದ ಕೆಳಗೆ ಹೂತುಬಿಟ್ಟೆವು. ಕಾರಣ ತಪ್ಪಾದರೆ ನಷ್ಟವನ್ನೂ ಯಾರೂ ನಂಬುವುದಿಲ್ಲ. ಅಣ್ಣಾ, ಅದಕ್ಕಾಗಿ ಈ ಸಭೆಯ ಮುಂದೆ ನಿಮ್ಮ ಕ್ಷಮೆ ಕೇಳುತ್ತೇವೆ. ಕಳೆದ ವರ್ಷ ಅವರು ರಸ್ತೆ ಬದಿಗೆ ಜೋಳದ ಸಾಲು ಹಾಕಿ, ಮೆಣಸಿನಕಾಯಿಯನ್ನು ಒಳಗೆ ಸರಿಸಿದ್ದಾರೆ. ಬದುವಿಗೆ ಹಚ್ಚಿದ ಬೇವಿನ ಸಸಿ ಎದೆ ಮಟ್ಟ ಬಂದಿವೆ. ಹೋಗುವಾಗ ಎಲ್ಲರೂ ಒಂದು ಸಲ ನೋಡಿಕೊಂಡು ಹೋಗಿರಿ.

ಮುಂದಿನ ಚಳಿಗಾಲಕ್ಕೆ ಪ್ರತಿ ಮನೆಯಿಂದ ಒಂದು ತೊಳೆದ ಬಿಳಿ ಬಟ್ಟೆ ಕಡಲೆ ಹೊಲಕ್ಕೆ ಹೋಗಲಿ. ಹಿಂಡಿದ ಹುಳಿ ತಿಳಿಯಾಗಿದ್ದರೆ ಶೀಸೆಗೆ ತುಂಬಿ ಇಡಿರಿ. ರಾಡಿಯಾಗಿದ್ದರೆ ಬಟ್ಟೆಯನ್ನು ತೊಳೆಯದೆ ಸಂಘಕ್ಕೆ ತಂದುಕೊಡಿರಿ, ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತೇವೆ.